ಬಾಗಿಲ ಬೆಳಕಿಗೆ ಹಿಡಿದು ನೋಡಿ

ಕಳೆದ ತಿಂಗಳು ತಂಗಿ ಫೋನ್ ಮಾಡಿದ್ದಳು. ಮಗಳಿಗೆ ಬಿಸಿಎ ಸೀಟು ಸಿಕ್ಕಿದೆ, ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಸಾಲದು. ಕಂಪೆನಿಗಳು ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್ ಮಂಗಳೂರಿನಲ್ಲಿ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ, ತೆಗೆದುಕೊಳ್ಳಬಹುದಾ ಎಂದು ಕೇಳಿದಳು. ಅಂಗಡಿಯವರು ಬರೆದುಕೊಟ್ಟ ಚೀಟಿಯ ಫೋಟೋವನ್ನೂ ಕಳಿಸಿದಳು. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಅದರಲ್ಲಿತ್ತು. ಪರದೆಯ ಬಗ್ಗೆ ಇದ್ದದ್ದು "14 ಇಂಚು" ಎಂಬ ಒಂದೇ ಮಾತು.

"ಪರದೆ ಎಂಥದ್ದು ಅಂತ ಕೇಳಿದೆಯಾ?" ಅಂದೆ. ಅವಳು ನಕ್ಕಳು. "ಪರದೆಯಲ್ಲಿ ಎಂಥ ಉಂಟು? ಕಂಡರೆ ಸಾಕಲ್ಲ!"

ಕಂಡರೆ ಸಾಕು, ಸರಿ. ಕಾಣದೇ ಹೋದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಈಗ ಇಂಥ ಲ್ಯಾಪ್‌ಟಾಪೇ ಬರುತ್ತಿದೆ.

ನಾನು ಮೂರು ವರ್ಷದಿಂದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಸೌರ ಪಂಪ್‌ಗಳ ಸರ್ವಿಸ್ ಕೆಲಸದಲ್ಲಿದ್ದೇನೆ. ವಿಜಯಪುರ ಜಿಲ್ಲೆಗೆ ತಾಗಿಕೊಂಡ ಊರುಗಳಿವು. ಉಮದಿ, ಸಂಖ ಕಡೆ ಹೋದರೆ ಮನೆಮಾತು ಕನ್ನಡವೇ. ನಮ್ಮ ಕರಾವಳಿಯಲ್ಲಿ ಮಳೆ ಯಾವಾಗ ನಿಲ್ಲುತ್ತದೆ ಎಂದು ಕೇಳಿದರೆ, ಇಲ್ಲಿ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ದಾಳಿಂಬೆ, ದ್ರಾಕ್ಷಿ ಬೆಳೆದವರು ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿ ಗಿಡ ಉಳಿಸಿಕೊಳ್ಳುವುದುಂಟು.

ಸೌರ ಪಂಪ್ ಪರೀಕ್ಷೆ ಮಾಡುವುದು ಬಿಸಿಲು ಚೆನ್ನಾಗಿರುವಾಗ. ಪೂರ್ತಿ ಬಿಸಿಲಿಲ್ಲದಿದ್ದರೆ ಮೋಟರಿನ ಪೂರ್ತಿ ಓಟ ತಿಳಿಯುವುದಿಲ್ಲ. ಹಾಗಾಗಿ ನಡು ಮಧ್ಯಾಹ್ನ, ಬಯಲಿನಲ್ಲಿ, ಕಂಟ್ರೋಲರ್‌ಗೆ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆಯಬೇಕು. ಪಂಪನ್ನು ಓಡಿಸುವ ಬಿಸಿಲೇ ನಮ್ಮ ಪರದೆಯನ್ನು ಕುರುಡು ಮಾಡುತ್ತದೆ.

ಆಫೀಸಿನಿಂದ ಕೊಟ್ಟದ್ದು ಒಂದು ಬಿಸಿನೆಸ್ ಲ್ಯಾಪ್‌ಟಾಪ್. ಗಟ್ಟಿ ಯಂತ್ರ. ಜೀಪಿನಲ್ಲಿ ಕುಲುಕಿದರೂ, ಧೂಳು ತಿಂದರೂ ಒಂದು ದಿನ ಕೈಕೊಟ್ಟಿಲ್ಲ. ಪರದೆ ಮಾತ್ರ ಬೂದಿ ಬಳಿದ ಹಾಗೆ. ಒಂದು ಸಲ ಉಮದಿ ಕಡೆಯ ತೋಟವೊಂದರಲ್ಲಿ ಮೋಟರಿನ ಓವರ್‌ಲೋಡ್ ಮಿತಿ ಹಾಕುತ್ತಿದ್ದೆ. ಯಾವ ಮೋಟರಿಗೆ ಎಷ್ಟು ಆಂಪಿಯರ್ ಎಂಬ ಪಟ್ಟಿ ಲ್ಯಾಪ್‌ಟಾಪಿನಲ್ಲೇ ಇತ್ತು. ಒಂದು ಸಾಲು ಬಿಳಿ, ಒಂದು ಸಾಲು ತಿಳಿ ಬೂದು, ಹಾಗೆ ಮಾಡಿದ ಪಟ್ಟಿ. ಬಿಸಿಲಿನಲ್ಲಿ ಆ ಬೂದು ಬಣ್ಣವೇ ಮಾಯ, ಗೆರೆಗಳೂ ಮಾಯ. ಕಣ್ಣು ಒಂದು ಸಾಲು ಕೆಳಗೆ ಜಾರಿತು. 5 ಎಚ್‌ಪಿ ಮೋಟರಿಗೆ 7.5 ಎಚ್‌ಪಿ ಸಾಲಿನ ಅಂಕಿ ಹಾಕಿ ಬಂದೆ.

ಎರಡು ವಾರದ ಮೇಲೆ ಕೊಳವೆ ಬಾವಿಯಲ್ಲಿ ಮರಳು ಬಂದು ಪಂಪ್ ಬಿಗಿಯಿತು. ಆಗ ಕಂಟ್ರೋಲರ್ ತಾನಾಗಿ ನಿಲ್ಲಬೇಕಿತ್ತು. ಮಿತಿ ಹೆಚ್ಚಿದ್ದರಿಂದ ನಿಲ್ಲಲಿಲ್ಲ. ಮೋಟರಿನ ವೈಂಡಿಂಗ್ ಸುಟ್ಟಿತು. ದಾಳಿಂಬೆ ಕಾಯಿ ಹಿಡಿದ ಹೊತ್ತು. ಮೋಟರ್ ಎತ್ತಿಸಿ, ಸುತ್ತಿಸಿ, ಇಳಿಸುವ ತನಕ ಒಂದು ವಾರಕ್ಕೂ ಹೆಚ್ಚು ಆ ಹಿರಿಯರು ಟ್ಯಾಂಕರ್ ನೀರು ಕೊಂಡರು.

"ಏನಾತ್ರಿ ಸಾಹೇಬ್ರ?" ಎಂದು ಅವರು ಕೇಳಿದಾಗ "ಮರಳು ಬಂದದೆ ರೀ ಅಜ್ಜಾರ" ಅಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕಂಟ್ರೋಲರ್‌ನಲ್ಲಿ ನಾನು ಹಾಕಿದ ಅಂಕಿ ನನ್ನೊಬ್ಬನಿಗೇ ಕಾಣುತ್ತಿತ್ತು.

ಆ ರಾತ್ರಿ ಉಪ್ಪನ ಅಂಗಡಿ ನೆನಪಾಯಿತು. ವಿಟ್ಲದಲ್ಲಿ ಉಪ್ಪನದು ಸಣ್ಣ ಬಟ್ಟೆ ಅಂಗಡಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಬಟ್ಟೆಯ ಬಣ್ಣ ಬೇರೆಯೇ ಕಾಣುತ್ತದೆ. ಗಿರಾಕಿ ಕೇಳದಿದ್ದರೂ ಉಪ್ಪ ತಾನೇ ಬಟ್ಟೆಯನ್ನು ಬಾಗಿಲ ತನಕ ಒಯ್ದು, ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ನೇಯ್ಗೆಯಲ್ಲಿ ತಪ್ಪಿದ್ದರೆ ಅದನ್ನೂ ತೋರಿಸುತ್ತಿದ್ದರು. ಒದ್ದೆ ಧಾನ್ಯವನ್ನು ರಾಶಿಯ ಅಡಿಗೆ ಹಾಕಿದ್ದ ವ್ಯಾಪಾರಿಗೆ ಪ್ರವಾದಿಯವರು (ಸ.ಅ.) ಅದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿದ ಹದೀಸ್ ನಾವೆಲ್ಲ ಮದ್ರಸದಲ್ಲಿ ಕಲಿತದ್ದೇ. ಉಪ್ಪ ಅದನ್ನು ಬಾಯಿಯಲ್ಲಿ ಹೇಳುತ್ತಿದ್ದುದು ಕಡಿಮೆ.

ಬೆಳಿಗ್ಗೆ ಮೊದಲು ಆಫೀಸಿಗೆ, ಆಮೇಲೆ ತೋಟಕ್ಕೆ ಹೋಗಿ ನಡೆದದ್ದನ್ನು ಹೇಳಿದೆ. ರಿಪೇರಿ ಖರ್ಚನ್ನು ಕಂಪೆನಿ ಹೊತ್ತಿತು. ಟ್ಯಾಂಕರ್ ದುಡ್ಡಿನಲ್ಲಿ ಅರ್ಧ ನಾನು ಕೊಟ್ಟೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದು ಛಲೋ ಆತು. ಇನ್ನ ಮ್ಯಾಲೆ ನೆರಳಾಗ ಕುಂತು ನೋಡ್ರಿ" ಅಂದರು.

ತಪ್ಪು ನನ್ನದೇ. ಆದರೂ ಇಷ್ಟು ಒಳ್ಳೆಯ ಯಂತ್ರಕ್ಕೆ ಇಷ್ಟು ಕೆಟ್ಟ ಪರದೆ ಯಾಕೆ ಎಂದು ಹುಡುಕುತ್ತಾ ಹೋದೆ. ಪರದೆಯ ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕಡಿಮೆ ಬೆಲೆಯ ಪರದೆಗಳು 220ರಿಂದ 250 ನಿಟ್ಸ್. ಆಫೀಸಿನ ಕೋಣೆಗೆ ಅದು ಸಾಕು, ಅಲ್ಲಿನ ಬೆಳಕು ಸುಮಾರು 300ರಿಂದ 500 ಲಕ್ಸ್. ನಡು ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ. ಆ ಬೆಳಕು ಪರದೆಯ ಮೇಲೆ ಬಿದ್ದು ಮರಳಿದಾಗ ಕಪ್ಪೂ ಬೆಳ್ಳಗಾಗುತ್ತದೆ, ತಿಳಿ ಬಣ್ಣಗಳು ಮೊದಲು ಅಳಿಸಿಹೋಗುತ್ತವೆ. ನನ್ನ ಪಟ್ಟಿಯಲ್ಲಿ ಆದದ್ದು ಇದೇ. ಈಗಿನ ಒಳ್ಳೆಯ ಮೊಬೈಲ್‌ಗಳು ಬಿಸಿಲಿನಲ್ಲಿ 1000 ನಿಟ್ಸ್ ದಾಟುತ್ತವೆ. ಅದಕ್ಕೇ ಮೊಬೈಲ್ ಕಾಣುತ್ತದೆ, ಲ್ಯಾಪ್‌ಟಾಪ್ ಕಾಣುವುದಿಲ್ಲ.

ಇನ್ನೊಂದು ದೂರು ಬಣ್ಣದ್ದು. ಚೀಟಿಯಲ್ಲಿ "45% ಎನ್‌ಟಿಎಸ್‌ಸಿ" ಎಂದಿದ್ದರೆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿದ ಹಾಗೆ, ಎಲ್ಲವೂ ತೊಳೆದ ಬಟ್ಟೆಯ ಹಾಗೆ ಕಾಣುತ್ತದೆ. "72%" ಅಥವಾ "100% ಎಸ್‌ಆರ್‌ಜಿಬಿ" ಎಂದಿದ್ದರೆ ಬಣ್ಣ ಸರಿ ಇರುತ್ತದೆ. ಲೆಕ್ಕ ಬರೆಯುವವರಿಗೆ, ಕೋಡ್ ಬರೆಯುವ ಮಕ್ಕಳಿಗೆ ಇದು ಮುಖ್ಯವಲ್ಲ. ಬಟ್ಟೆ ವ್ಯಾಪಾರ, ಫೋಟೋ, ಡಿಸೈನ್ ಮಾಡುವವರಿಗೆ ಬಹಳ ಮುಖ್ಯ.

ಕಂಪೆನಿಗಳು ಒಮ್ಮೆಗೇ ನೂರಾರು ಲ್ಯಾಪ್‌ಟಾಪ್ ಕೊಳ್ಳುವಾಗ ತಾಳೆ ನೋಡುವುದು ಪ್ರೊಸೆಸರ್, ರ‍್ಯಾಮ್, ವಾರಂಟಿ, ಬೆಲೆ. ಉಳಿತಾಯ ಪರದೆಯಲ್ಲಿ ಆಗುತ್ತದೆ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಪರದೆಗಳು ಬರುತ್ತವೆ. ಥಿಂಕ್‌ಪ್ಯಾಡ್ ಟಿ480ರಲ್ಲಿ 1366×768 ಪರದೆಯೂ ಇತ್ತು, 1920×1080 ಪರದೆಯೂ ಇತ್ತು. ಟಿ14ರ ಮೊದಲ ತಲೆಮಾರಿನಲ್ಲಿ 250 ನಿಟ್ಸ್‌ನದೂ 400 ನಿಟ್ಸ್‌ನದೂ ಇದ್ದವು. ಹೊರಗಿನಿಂದ ಎರಡೂ ಒಂದೇ. ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುವಾಗ ಎಲ್ಲ ಒಂದೇ ಹೆಸರಿನಲ್ಲಿ ಬರುತ್ತವೆ.

ಬೆಳಕು ಹೆಚ್ಚಿಸಿದರೆ ಎಲ್ಲ ಸರಿಯಾಗುತ್ತದೆ ಎಂದೂ ಇಲ್ಲ. ಬೆಳಕು ಹೆಚ್ಚಿದಷ್ಟು ಬ್ಯಾಟರಿ ಬೇಗ ಇಳಿಯುತ್ತದೆ. ಮೂರು ತೋಟ ಸುತ್ತುವ ನನಗೆ ಸಂಜೆ ತನಕ ಬ್ಯಾಟರಿಯೂ ಬೇಕು. 400 ನಿಟ್ಸ್‌ನ "ಲೋ ಪವರ್" ಪರದೆಗಳು ಇದಕ್ಕೆ ಒಳ್ಳೆಯ ಉತ್ತರ, ಬೆಲೆ ಜಾಸ್ತಿ. ಅವೂ ನೇರ ಬಿಸಿಲಿನಲ್ಲಿ ಸೋಲುತ್ತವೆ, ನೆರಳಿನಲ್ಲಿ ಗೆಲ್ಲುತ್ತವೆ. ಹೊಳೆಯುವ ಗಾಜಿನ ಪರದೆಯಲ್ಲಿ ಬಣ್ಣ ಚೆಂದ, ಆದರೆ ನಮ್ಮ ಮುಖವೇ ಕಾಣುತ್ತದೆ. ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಮ್ಯಾಟ್ ಪರದೆ ಅಷ್ಟರಮಟ್ಟಿಗೆ ವಾಸಿ.

ನಾನು ಮಾಡಿಕೊಂಡ ಉಪಾಯ ಇಷ್ಟೇ. ಪಟ್ಟಿಯನ್ನು ದಪ್ಪ ಕಪ್ಪು ಗೆರೆ ಹಾಕಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿದೆ. ಲ್ಯಾಪ್‌ಟಾಪ್ ಇಡಲು ಒಂದು ಮಗ್ಗುಲು ಕತ್ತರಿಸಿದ ರಟ್ಟಿನ ಪೆಟ್ಟಿಗೆ ಜೀಪಿನಲ್ಲಿದೆ. ಹಾಕಿದ ಅಂಕಿಯನ್ನು ಬಾಯಿಬಿಟ್ಟು ಓದುತ್ತೇನೆ, ಜೊತೆಯ ಹುಡುಗ ಮೋಟರಿನ ತಗಡಿನಲ್ಲಿರುವುದನ್ನು ಓದುತ್ತಾನೆ.

ತಂಗಿಗೆ ಹೇಳಿದ್ದು ಹೀಗೆ. ಪರದೆ 1920×1080ಕ್ಕೆ ಕಡಿಮೆಯಾಗಬಾರದು. "ಐಪಿಎಸ್" ಎಂದಿರಲಿ, ಇಲ್ಲದಿದ್ದರೆ ಸ್ವಲ್ಪ ಓರೆಯಾಗಿ ನೋಡಿದರೂ ಬಣ್ಣ ಕೆಡುತ್ತದೆ. ಮನೆಯೊಳಗೆ ಓದುವುದಕ್ಕೆ 300 ನಿಟ್ಸ್ ಧಾರಾಳ. ಬೆಳಕು ತೀರಾ ತಗ್ಗಿಸಿದಾಗ ಕೆಲವು ಪರದೆಗಳು ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಮಿನುಗುತ್ತವೆ, ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ಹಾಗಾಗಿ ಬೆಳಕು ತಗ್ಗಿಸಿ ಹತ್ತು ನಿಮಿಷ ಓದಿ ನೋಡಲಿ. ಎರಡು ಸಾವಿರ ಉಳಿಯುತ್ತದೆ ಎಂದು ಪರದೆ ಬಿಟ್ಟು ಪ್ರೊಸೆಸರ್ ಹಿಡಿಯುವುದು ಬೇಡ. ಮಗು ದಿನವಿಡೀ ನೋಡುವುದು ಪರದೆಯನ್ನು.

ಮೊನ್ನೆ ಸೊಸೆ ಅಂಗಡಿಗೆ ಹೋದಾಗ ಉಪ್ಪ ಜೊತೆಗಿದ್ದರಂತೆ. ಅಂಗಡಿಯವರು ಪವರ್ ಆನ್ ಮಾಡಿದ ಕೂಡಲೇ ಉಪ್ಪ ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲ ಕಡೆ ನಡೆದರಂತೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಂದಿದ್ದಾರೆ.