ಉಮ್ಮನ ಬಳೆ ಮತ್ತು ಬರ್ಮಿಂಗ್‌ಹ್ಯಾಮ್‌ನ ಒಂದು ವರ್ಷ

ಮಗಳನ್ನು ಓದಲು ವಿದೇಶಕ್ಕೆ ಕಳುಹಿಸಬೇಕೇ, ಬೇಡವೇ ಎಂಬ ಚರ್ಚೆ ನಿಮ್ಮ ಮನೆಯಲ್ಲೂ ಎಂದಾದರೂ ನಡೆದಿರಬಹುದು. ನಮ್ಮ ಮನೆಯಲ್ಲಿ ಅದು ಪೂರ್ತಿ ಎರಡು ವರ್ಷ ನಡೆಯಿತು. ಉಪ್ಪಿನಂಗಡಿಯಲ್ಲಿ ಉಪ್ಪನಿಗೆ ಒಂದು ದಿನಸಿ ಅಂಗಡಿ ಇದೆ. ನಾನು ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಒಂದು ವರ್ಷದ ವ್ಯಾಪಾರ ಆಡಳಿತ ಕೋರ್ಸಿಗೆ ಸೀಟು ಸಿಕ್ಕಿದಾಗ ಬಂಧುಗಳು ಕೇಳಿದ ಪ್ರಶ್ನೆ ಒಂದೇ: "ಹೆಣ್ಣುಮಗು ಒಬ್ಬಳೇ ಹೋಗುವುದೇ?" ಉಪ್ಪನ ಪ್ರಶ್ನೆ ಬೇರೆಯಾಗಿತ್ತು: "ಬಡ್ಡಿ ಇಲ್ಲದೆ ಇಷ್ಟು ಹಣ ಎಲ್ಲಿಂದ?"

ಬ್ಯಾಂಕಿನವರು ಸಾಲ ಕೊಡಲು ಸಿದ್ಧರಿದ್ದರು. ಉಪ್ಪ ಒಪ್ಪಲಿಲ್ಲ. ಕೊನೆಗೆ ಹತ್ತು ಸೆಂಟ್ಸ್ ಜಾಗ ಮಾರಿದೆವು. ಜುಬೈಲಿನಲ್ಲಿರುವ ಮಾಮ ಬಡ್ಡಿಯಿಲ್ಲದ ಸಾಲ ಕೊಟ್ಟರು. ಆದರೂ ಸ್ವಲ್ಪ ಕೊರತೆ ಬಿತ್ತು. ಒಂದು ರಾತ್ರಿ ಇಶಾ ನಮಾಝ್ ಮುಗಿಸಿದ ಉಮ್ಮ ನನ್ನ ಮದುವೆಗೆಂದು ತೆಗೆದಿಟ್ಟಿದ್ದ ಹನ್ನೆರಡು ಪವನಿನ ಬಳೆಗಳನ್ನು ತಂದು ಮೇಜಿನ ಮೇಲಿಟ್ಟರು. "ಮದುವೆ ಆಗುವಾಗ ಆಗುತ್ತದೆ. ಇದು ಈಗ ಬಂದಿದೆ" ಎಂದಷ್ಟೇ ಹೇಳಿದರು. ಆ ಬಳೆಗಳ ಭಾರ ನನ್ನ ಕೈಗಲ್ಲ, ಎದೆಗೆ ಅಂಟಿಕೊಂಡಿತು. ಸೋತು ಬರುವ ಹಕ್ಕು ನನಗಿರಲಿಲ್ಲ.

2023ರ ಸೆಪ್ಟೆಂಬರ್ ಕೊನೆಯಲ್ಲಿ ಮಂಗಳೂರಿನಿಂದ ದುಬೈ ಮೂಲಕ ಬರ್ಮಿಂಗ್‌ಹ್ಯಾಮ್ ತಲುಪಿದೆ. ಇಂಗ್ಲೆಂಡ್ ಎಂದರೆ ನಮ್ಮ ಕಣ್ಣಿಗೆ ಲಂಡನ್ ಮಾತ್ರ ಕಾಣುತ್ತದೆ. ಆದರೆ ಜನಸಂಖ್ಯೆಯಲ್ಲಿ ಅದರ ನಂತರದ ದೊಡ್ಡ ನಗರ ಇದು. 2021ರ ಜನಗಣತಿಯ ಪ್ರಕಾರ ಇಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಅವರಲ್ಲಿ ಶೇಕಡಾ 29.9 ಮಂದಿ ಮುಸ್ಲಿಮರು. ಸ್ಪಾರ್ಕ್‌ಬ್ರೂಕ್, ಸ್ಮಾಲ್ ಹೀತ್ ಬಡಾವಣೆಗಳಲ್ಲಿ ನಡೆದರೆ ಹಲಾಲ್ ಮಾಂಸದ ಅಂಗಡಿ, ಬುರ್ಖಾ ಅಂಗಡಿ, ಸಿಹಿತಿಂಡಿ ಅಂಗಡಿಗಳು ಸಾಲು ಸಾಲಾಗಿ ಸಿಗುತ್ತವೆ. ಹಾಗಾದರೆ ಕಷ್ಟವೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮೊದಲ ತೊಡಕು ಭಾಷೆಯದು. ಇಂಗ್ಲಿಷಿನದಲ್ಲ, ಉರ್ದುವಿನದು! ಅಲ್ಲಿನ ಮುಸ್ಲಿಮರಲ್ಲಿ ದೊಡ್ಡ ಪಾಲು ಪಾಕಿಸ್ತಾನ ಮೂಲದವರು, ಅದರಲ್ಲೂ ಮೀರ್‌ಪುರ ಕಡೆಯವರು. ನಾನು ಭಾರತದ ಮುಸ್ಲಿಮಳೆಂದು ತಿಳಿದೊಡನೆ ಉರ್ದುವಿನಲ್ಲಿ ಮಾತು ಶುರು ಮಾಡುತ್ತಿದ್ದರು. ನಮ್ಮ ಮನೆಮಾತು ಬ್ಯಾರಿ, ಓದಿದ್ದು ಕನ್ನಡದಲ್ಲಿ, ಪೇಟೆಯಲ್ಲಿ ತುಳು ಎಂದು ವಿವರಿಸುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತಿತ್ತು. ನಮಾಝಿನ ವೇಳೆಯೂ ಗೊಂದಲವೇ. ನಾವು ಕರಾವಳಿಯ ಶಾಫಿಗಳು. ಅಲ್ಲಿನ ಹೆಚ್ಚಿನ ಮಸೀದಿಗಳಲ್ಲಿ ಹನಫಿ ಪ್ರಕಾರ ಅಸರ್ ತಡವಾಗಿ. ಪಕ್ಕದ ಮನೆಯ ಹಿರಿಯ ಆಂಟಿಯೊಬ್ಬರು ಮಾತ್ರ ನನ್ನ ಒಡಕು ಉರ್ದುವಿಗೆ ನಗುತ್ತಾ ಒಂದು ತಟ್ಟೆ ಪಲಾವ್ ಕೊಟ್ಟು, "ಹಸಿವಿಗೆ ಎಲ್ಲ ಭಾಷೆಯೂ ಬರುತ್ತದೆ ಬೇಟಿ" ಎಂದರು.

ಎರಡನೆಯದು ಬೆಳಕು. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂ ಕಾಲಿಗೆ, ಮುಳುಗುವುದು ಸಂಜೆ ನಾಲ್ಕಕ್ಕೂ ಮೊದಲೇ. ಝುಹರ್, ಅಸರ್, ಮಗ್ರಿಬ್ ಮೂರೂ ನಾಲ್ಕು ಗಂಟೆಗಳೊಳಗೆ ಬಂದು ಹೋಗುತ್ತವೆ. ಒಂದರಿಂದ ನಾಲ್ಕರವರೆಗೆ ತರಗತಿ ಇದ್ದ ದಿನ ಪ್ರಾರ್ಥನಾ ಕೊಠಡಿಗೆ ಓಡಿ, ಕೊರೆಯುವ ನೀರಿನಲ್ಲಿ ವುಝೂ ಮಾಡಿ, ಮತ್ತೆ ಓಡಿ ಬರುವುದೇ ಒಂದು ವ್ಯಾಯಾಮ. ಊರಲ್ಲಿ ಉಮ್ಮ ಇಶಾ ಮುಗಿಸಿ ಕರೆ ಮಾಡುವಾಗ ನನಗೆ ಅಸರ್‌ನ ಹೊತ್ತು. "ಅಲ್ಲಿ ಇನ್ನೂ ಹಗಲೇ?" ಎಂದು ಅವರು ಕೇಳುತ್ತಿದ್ದರು. ಕಿಟಕಿಯಾಚೆ ಮೋಡ, ಜಡಿಮಳೆ. "ಹೌದು ಉಮ್ಮ, ಹಗಲು" ಎನ್ನುತ್ತಿದ್ದೆ. ಅತ್ತದ್ದನ್ನು ಹೇಳುತ್ತಿರಲಿಲ್ಲ.

ಮೂರನೆಯದು ಹಣ. ವಿದ್ಯಾರ್ಥಿ ವೀಸಾದಲ್ಲಿ ಪಾಠಗಳು ನಡೆಯುವ ತಿಂಗಳುಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ದುಡಿಯಬಹುದು. ನನಗೆ ಕೆಲಸ ಸಿಕ್ಕಿದ್ದು ಒಂದು ಸಿಹಿತಿಂಡಿ ಅಂಗಡಿಯಲ್ಲಿ, ಗಂಟೆಗೆ ಕಾನೂನಿನ ಕನಿಷ್ಠ ಕೂಲಿ. ಆಗ ಅದು 10 ಪೌಂಡ್ 42 ಪೆನ್ಸ್. 2024ರ ಏಪ್ರಿಲ್‌ನಲ್ಲಿ 11 ಪೌಂಡ್ 44 ಪೆನ್ಸ್ ಆಯಿತು. ಕೇಳಲು ದೊಡ್ಡ ಮೊತ್ತ. ಆದರೆ ಮೂವರು ಹುಡುಗಿಯರು ಸೇರಿ ಹಿಡಿದ ಮನೆಯ ಬಾಡಿಗೆ, ಬಸ್ಸು, ಕೊಠಡಿ ಬಿಸಿ ಮಾಡುವ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಊಟಕ್ಕೆ ಸಾಕಾಗುವಷ್ಟು. ಬುಲ್‌ರಿಂಗ್‌ನ ಬಯಲು ಮಾರುಕಟ್ಟೆಯಲ್ಲಿ ಒಂದು ಬೋಗುಣಿ ತುಂಬ ಹಣ್ಣು ಒಂದು ಪೌಂಡಿಗೆ ಸಿಗುತ್ತದೆಂದು ಗೊತ್ತಾದ ದಿನ ನನಗೆ ಹಬ್ಬ. ಚಳಿಗಾಲದ ಕೋಟನ್ನು ದಾನದ ಬಟ್ಟೆ ಮಾರುವ ಅಂಗಡಿಯಿಂದ ಕೊಂಡೆ.

ಓದು ಮಾತ್ರ ಸುಲಭ ಎಂದುಕೊಂಡಿದ್ದೆ. ಊರಲ್ಲಿ ನಾನು ಮೊದಲ ಶ್ರೇಣಿಯವಳು ತಾನೇ? ಮೊದಲ ಪ್ರಬಂಧಕ್ಕೆ ನೂರರಲ್ಲಿ 44 ಬಂತು. ಅಲ್ಲಿ ಸ್ನಾತಕೋತ್ತರ ತರಗತಿಯಲ್ಲಿ ಪಾಸಾಗಲು 50 ಬೇಕು. ಪುಸ್ತಕಗಳಲ್ಲಿದ್ದ ವ್ಯಾಖ್ಯೆಗಳನ್ನೆಲ್ಲ ಕ್ರಮವಾಗಿ ಬರೆದಿದ್ದೆ, ಒಂದೂ ತಪ್ಪಿರಲಿಲ್ಲ. ಅಂಚಿನಲ್ಲಿ ಅಧ್ಯಾಪಕಿ ಒಂದೇ ಸಾಲು ಬರೆದಿದ್ದರು: "ಇದರಲ್ಲಿ ನೀನೆಲ್ಲಿ?" ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಮೇಜಿನ ಮೇಲಿನ ಬಳೆಗಳು.

ಸಹೋದರಿಯರೇ, ನನ್ನನ್ನು ಎತ್ತಿ ನಿಲ್ಲಿಸಿದ್ದು ಆ ನಗರದ್ದೇ ಒಂದು ಕಥೆ. ನಾನು ಹೋಗುವ ಕೆಲವೇ ದಿನ ಮೊದಲು, 2023ರ ಸೆಪ್ಟೆಂಬರ್ 5ರಂದು, ಬರ್ಮಿಂಗ್‌ಹ್ಯಾಮ್ ನಗರಸಭೆ ತನ್ನ ಬಳಿ ಹಣವಿಲ್ಲ, ಅಗತ್ಯ ಸೇವೆಗಳ ಹೊರತು ಹೊಸ ಖರ್ಚು ಮಾಡುವುದಿಲ್ಲ ಎಂದು ಪ್ರಕಟಿಸಿತ್ತು. ಪತ್ರಿಕೆಗಳು ಅದನ್ನು ದಿವಾಳಿ ಎಂದೇ ಕರೆದವು. ಕಂಪ್ಯೂಟರ್ ವ್ಯವಸ್ಥೆಯೊಂದರ ವೈಫಲ್ಯವೂ ಸೇರಿ ಕಾರಣಗಳು ಹಲವು. ಅವುಗಳಲ್ಲಿ ದೊಡ್ಡದು ಯಾವುದು ಗೊತ್ತೇ? ಹೆಂಗಸರಿಗೆ ಕೊಡದೆ ಉಳಿಸಿದ ಕೂಲಿ! ಅಡುಗೆ ಮಾಡುವ, ಗುಡಿಸಿ ಒರೆಸುವ, ವೃದ್ಧರ ಆರೈಕೆ ಮಾಡುವ ಕೆಲಸಗಳಲ್ಲಿ ಹೆಚ್ಚಾಗಿ ಹೆಂಗಸರಿದ್ದರು. ಕಸ ಸಾಗಿಸುವ, ರಸ್ತೆ ಗುಡಿಸುವ ಕೆಲಸಗಳಲ್ಲಿ ಹೆಚ್ಚಾಗಿ ಗಂಡಸರಿದ್ದರು. ಒಂದೇ ಮಟ್ಟದ ಕೆಲಸವಾದರೂ ಬೋನಸ್ ಸಿಗುತ್ತಿದ್ದುದು ಗಂಡಸರಿಗೆ. ಹೆಂಗಸರು ನ್ಯಾಯಾಲಯಕ್ಕೆ ಹೋದರು. 2012ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆ ನಂತರ ನೂರು ಕೋಟಿ ಪೌಂಡಿಗೂ ಮಿಕ್ಕಿ ಪಾವತಿಸಿದ ಮೇಲೂ 65 ಕೋಟಿಯಿಂದ 76 ಕೋಟಿ ಪೌಂಡ್‌ವರೆಗೆ ಬಾಕಿ ಇರಬಹುದು ಎಂಬುದು 2023ರ ನಗರಸಭೆಯ ಅಂದಾಜಾಗಿತ್ತು. 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘಗಳೊಂದಿಗೆ ಒಪ್ಪಂದದ ಚೌಕಟ್ಟೊಂದು ರೂಪುಗೊಂಡಿತು.

ಈ ವಿಷಯವನ್ನು ತರಗತಿಯಲ್ಲಿ ಚರ್ಚಿಸಿದ ದಿನ ಅಧ್ಯಾಪಕಿ ಒಂದು ಮಾತು ಹೇಳಿದರು: "ಲೆಕ್ಕದ ಪುಸ್ತಕದಲ್ಲಿ ಬರೆಯದ ದುಡಿಮೆ ಇಲ್ಲವಾಗುವುದಿಲ್ಲ. ಅದು ಸಾಲವಾಗಿ ಬೆಳೆಯುತ್ತದೆ." ನನಗೆ ತಟ್ಟನೆ ನಮ್ಮ ಅಂಗಡಿಯ ಗಾಜಿನ ಪೆಟ್ಟಿಗೆ ನೆನಪಾಯಿತು.

ಉಮ್ಮ ದಿನಾಲೂ ಸುಬಹಿ ನಮಾಝಿನ ಬಳಿಕ ಬನ್ಸ್ ಕರಿಯುತ್ತಾರೆ. ಮಧ್ಯಾಹ್ನ ಸಮೋಸ. ಎಲ್ಲವೂ ಅಂಗಡಿಯ ಗಾಜಿನ ಪೆಟ್ಟಿಗೆಗೆ ಹೋಗಿ ಸಂಜೆಯೊಳಗೆ ಖಾಲಿಯಾಗುತ್ತದೆ. ಅದರ ಹಣ ಗಲ್ಲಾ ಪೆಟ್ಟಿಗೆ ಸೇರುತ್ತದೆ. ಮೈದಾ, ಎಣ್ಣೆಯ ಲೆಕ್ಕ ಪುಸ್ತಕದಲ್ಲಿದೆ. ಉಮ್ಮನ ಲೆಕ್ಕ ಎಲ್ಲೂ ಇಲ್ಲ. "ನಮ್ಮ ಅಂಗಡಿ" ಎಂದಾಗ ನಾವೆಲ್ಲ ಹೇಳುತ್ತಿದ್ದುದು ಉಪ್ಪನ ಅಂಗಡಿಯನ್ನೇ.

ಮುಂದಿನ ಪ್ರಬಂಧಕ್ಕೆ ಅದನ್ನೇ ವಿಷಯ ಮಾಡಿಕೊಂಡೆ. ಉಮ್ಮನಿಗೆ ಕರೆ ಮಾಡಿ, "ಒಂದು ತಿಂಗಳು ಎಷ್ಟು ಗಂಟೆ ಒಲೆಯ ಮುಂದೆ ನಿಲ್ಲುತ್ತೀರಿ, ಬರೆದಿಡಿ" ಎಂದೆ. ಅವರು ನಕ್ಕರು. "ಅಡುಗೆಮನೆಗೂ ಹಾಜರಿ ಪುಸ್ತಕವೇ?" ಎಂದರು. ಆದರೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದರು. ಉಪ್ಪನಿಂದ ಮಾರಾಟದ ಲೆಕ್ಕ ತರಿಸಿದೆ. ಕೂಡಿ ಕಳೆದು ನೋಡಿದರೆ ಅಂಗಡಿಯ ತಿಂಗಳ ಲಾಭದಲ್ಲಿ ಮೂರರಲ್ಲೊಂದು ಪಾಲು ಆ ಗಾಜಿನ ಪೆಟ್ಟಿಗೆಯದ್ದು! ಉಮ್ಮನ ಗಂಟೆಗಳಿಗೆ ಊರಿನ ಕೂಲಿ ಹಾಕಿದರೆ ದಿನಸಿಯಿಂದ ಬರುವ ಲಾಭ ನಾವು ತಿಳಿದದ್ದಕ್ಕಿಂತ ಬಹಳ ಕಡಿಮೆ. ಆ ಪ್ರಬಂಧಕ್ಕೆ 68 ಬಂತು. ಸೋತಿದ್ದ ಮೊದಲನೆಯದನ್ನು ಪುನಃ ಬರೆದು ಪಾಸಾದೆ. ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ನಾನೆಲ್ಲಿ ಎಂದರೆ ಉಪ್ಪಿನಂಗಡಿಯ ಅಡುಗೆಮನೆಯಲ್ಲಿ.

ಮನಸ್ಸು ಹಗುರಾದ ಮೇಲೆ ನಗರ ನೋಡಲು ಹೊರಟೆ. ಎಡ್ಜ್‌ಬಾಸ್ಟನ್‌ನಲ್ಲಿರುವ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಗಡಿಯಾರ ಗೋಪುರ ದೂರದಿಂದಲೇ ಕಾಣುತ್ತದೆ. ಅಲ್ಲಿನ ಕ್ಯಾಡ್‌ಬರಿ ಸಂಶೋಧನಾ ಗ್ರಂಥಾಲಯದಲ್ಲಿ ಕುರ್‌ಆನಿನ ಒಂದು ಪುರಾತನ ಪ್ರತಿಯ ಎರಡು ಚರ್ಮಪತ್ರದ ಹಾಳೆಗಳಿವೆ. ಸೂರಃ ಅಲ್ ಕಹ್ಫ್, ಮರ್ಯಮ್, ತ್ವಾಹಾದ ಭಾಗಗಳು ಅವುಗಳಲ್ಲಿವೆ. ಬರಹ ಹಿಜಾಝೀ ಲಿಪಿಯಲ್ಲಿದೆ. ಆ ಚರ್ಮಪತ್ರ ಕ್ರಿ.ಶ. 568ರಿಂದ 645ರ ನಡುವಿನದು ಎಂದು ಕಾರ್ಬನ್ ಪರೀಕ್ಷೆ ತೋರಿಸಿದೆ ಎಂದು 2015ರ ಜುಲೈಯಲ್ಲಿ ಪ್ರಕಟಿಸಲಾಯಿತು. ಇರಾಕ್ ಮೂಲದ ಕ್ರೈಸ್ತ ವಿದ್ವಾಂಸ ಆಲ್ಫೊನ್ಸ್ ಮಿಂಗಾನಾ 1920ರ ದಶಕದಲ್ಲಿ ಸಂಗ್ರಹಿಸಿದ ಹಸ್ತಪ್ರತಿಗಳಲ್ಲಿ ಅದೂ ಒಂದು. ಆ ಸಂಗ್ರಹಕ್ಕೆ ಹಣ ಕೊಟ್ಟವರು ಚಾಕಲೇಟ್ ಉದ್ಯಮಿ ಎಡ್ವರ್ಡ್ ಕ್ಯಾಡ್‌ಬರಿ. ಮೂಲ ಹಾಳೆಗಳನ್ನು ನಾನು ನೋಡಲಿಲ್ಲ. ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಇಟ್ಟಿರುವ ಚಿತ್ರವನ್ನು ನೋಡಿದೆ. ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತಾ ಹೋದೆ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಲಿತದ್ದೇ ಅದು. ಅಂದು ಪರದೇಶ ಎನ್ನುವ ಭಾವ ಸ್ವಲ್ಪ ಕಳಚಿತು.

2024ರ ರಮಝಾನ್ ಮಾರ್ಚ್ 11ರಂದು ಆರಂಭವಾಯಿತು. ಒಂದು ತಮಾಷೆ ಕೇಳಿ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಶನಿವಾರ ಆರೂವರೆ ದಾಟಿದಾಗ ಇಫ್ತಾರ್ ಮಾಡಿದವರು ಭಾನುವಾರ ಏಳೂವರೆ ದಾಟುವವರೆಗೆ ಕಾಯಬೇಕಾಯಿತು! ಉಪವಾಸದ ಉದ್ದ ಬದಲಾಗಿರಲಿಲ್ಲ, ಗಡಿಯಾರ ಮಾತ್ರ. ಆ ಸಂಜೆ ನಮ್ಮ ಮನೆಯಲ್ಲಿ ಇಫ್ತಾರ್‌ಗೆ ಕೂತವರು ನೈಜೀರಿಯಾದ ಒಬ್ಬಳು, ಮಲೇಷ್ಯಾದ ಒಬ್ಬಳು, ಪಕ್ಕದ ಮನೆಯ ಆಂಟಿ ಮತ್ತು ಅವರ ಮೊಮ್ಮಗಳು. ನಾನು ಉಮ್ಮನ ರೀತಿಯಲ್ಲಿ ಸಮೋಸ ಮಾಡಿದ್ದೆ. ಅಲ್ಲೇ ಹುಟ್ಟಿ ಬೆಳೆದ ಆ ಮೊಮ್ಮಗಳು ಬಡ್ಡಿಯ ವಿದ್ಯಾರ್ಥಿ ಸಾಲ ಬೇಡವೆಂದು ಕಾಲೇಜಿಗೆ ಹೋಗದೆ ದುಡಿದು ಹಣ ಕೂಡಿಡುತ್ತಿದ್ದಳು. ಬಡ್ಡಿರಹಿತ ಸಾಲಕ್ಕೆ 2017ರ ಕಾನೂನಿನಲ್ಲಿ ಅವಕಾಶ ಮಾಡಿದ್ದರೂ ಅದು ಜಾರಿಗೆ ಬಂದಿರಲಿಲ್ಲ. ಉಪ್ಪ ಕೇಳಿದ್ದ ಪ್ರಶ್ನೆ ಉಪ್ಪಿನಂಗಡಿಯದ್ದು ಮಾತ್ರವಲ್ಲ ಎಂದು ನನಗೆ ಅಂದು ತಿಳಿಯಿತು.

ಈಗ ಕಳುಹಿಸಬೇಕೆಂದಿರುವ ತಾಯಂದಿರಿಗೆ ನಾಲ್ಕು ಮಾತು. ಓದು ಮುಗಿದೊಡನೆ ಅಲ್ಲೇ ಕೆಲಸ ಎನ್ನುವ ಏಜೆಂಟರ ಮಾತನ್ನು ನೆಚ್ಚಬೇಡಿ. ಓದಿನ ನಂತರ ನಮಗೆ ಎರಡು ವರ್ಷ ಉಳಿಯುವ ಅವಕಾಶವಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದು ಹದಿನೆಂಟು ತಿಂಗಳು. ಕೆಲಸದ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೆ ಒಮ್ಮೆಲೇ ಏರಿಸಿದರು. 2024ರ ಜನವರಿಯಿಂದ ಇಂತಹ ಕೋರ್ಸುಗಳಿಗೆ ಹೋಗುವವರು ಗಂಡ, ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯುವಂತಿಲ್ಲ. ಶುಲ್ಕವಲ್ಲದೆ ಜೀವನ ಖರ್ಚಿನ ಹಣ 28 ದಿನ ಖಾತೆಯಲ್ಲಿ ಇರಬೇಕು, ಆರೋಗ್ಯ ಸೇವೆಯ ಶುಲ್ಕ ಮೊದಲೇ ಕಟ್ಟಬೇಕು. ಇವೆಲ್ಲವನ್ನೂ ಕಾಗದದ ಮೇಲೆ ಕೂಡಿ ನೋಡಿದ ಮೇಲೆಯೇ ಬಳೆ ತೆಗೆಯಿರಿ.

ನನಗೂ ಅಲ್ಲಿ ಕೆಲಸ ಸಿಗಲಿಲ್ಲ. ಹಿಂದಿರುಗಿ ಬಂದೆ. ಈಗ ಮಂಗಳೂರಿನ ಒಂದು ಕಂಪೆನಿಯಲ್ಲಿ ರಫ್ತು ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಮಾಮನ ಸಾಲ ತಿಂಗಳು ತಿಂಗಳು ತೀರುತ್ತಿದೆ. ಬಳೆಗಳ ಮಾತು ಬೇರೆ. ಮಾರಿದಾಗಿನ ಬೆಲೆಯ ಇಮ್ಮಡಿಯನ್ನೂ ಚಿನ್ನ ದಾಟಿದೆ. ಹನ್ನೆರಡು ಪವನು ಕೂಡಿಸಲು ಎಷ್ಟು ವರ್ಷ ಬೇಕೋ ಅಲ್ಲಾಹನೇ ಬಲ್ಲ. ಕೆಲವು ಬಂಧುಗಳು ಇಂದಿಗೂ, "ಹೋಗಿ ಏನು ತಂದಳು?" ಎಂದು ಕೇಳುತ್ತಾರೆ.

ನಾನು ಬಂದ ಮರುವಾರ ಉಪ್ಪ ಅಂಗಡಿಯ ಹೊಸ ಲೆಕ್ಕ ಪುಸ್ತಕ ತೆರೆದರು. ಮೊದಲ ಪುಟದಲ್ಲಿ ಮೈದಾ, ಎಣ್ಣೆ, ಗ್ಯಾಸಿನ ಕೆಳಗೆ ಇನ್ನೊಂದು ಸಾಲು ಬರೆದರು: ಉಮ್ಮನ ಹೆಸರು, ಎದುರಿಗೆ ಒಂದು ಮೊತ್ತ. ಅಂದಿನಿಂದ ತಿಂಗಳ ಮೊದಲ ದಿನ ಆ ಹಣ ಉಮ್ಮನ ಕೈ ಸೇರುತ್ತದೆ. ಉಮ್ಮ ಅದನ್ನು ಎಣಿಸುವುದಿಲ್ಲ. ಬಳೆಗಳಿದ್ದ ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಾರೆ.