ಚಿತ್ತೆ ಮಳೆಗೆ ಮುಂಚೆ ಸೈಕಲ್ಲು

ಸೆಪ್ಟೆಂಬರ್ 22, 2024, ಭಾನುವಾರ

ಉತ್ತರೆ ಮಳೆ ಬಿಡುವು ಕೊಟ್ಟಿದೆ. ಹಗಲು ಇರುಳು ಸಮವಾಗುವ ದಿನವಂತೆ ಇವತ್ತು. ಕೊಟ್ಟಿಗೆಯಲ್ಲಿ ಜೂನ್‌ನಿಂದ ನಿಂತಿದ್ದ ಸೈಕಲ್ಲನ್ನು ಅಂಗಳಕ್ಕೆ ಎಳೆದೆ. ಎಳೆದೆ ಅನ್ನುವುದೇ ಸರಿ, ಹಿಂದಿನ ಚಕ್ರ ಉರುಳಲಿಲ್ಲ. ಬ್ರೇಕ್ ರಬ್ಬರು ರಿಮ್ಮಿಗೆ ಅಂಟಿ ಕೂತಿದೆ. ಚೈನಿಗೆ ಇಟ್ಟಿಗೆಯ ಬಣ್ಣ, ಸೀಟಿಗೆ ಬೂಸ್ಟು. ಕ್ಯಾರಿಯರ್ ಕೆಳಗೆ ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿ, ಸಂಸಾರ ಮುಗಿಸಿ ಹೋಗಿದೆ.

ಮೇಷ್ಟ್ರಾಗಿದ್ದಾಗ ಪ್ರತಿ ದಸರಾ ರಜೆಯಲ್ಲಿ ಒಂದು ಸಲ ಹಳೇ ಗುಡಿ-ಬಸದಿಗಳ ಬಂದಳಿಕೆಗೆ ಸೈಕಲ್ ತುಳಿಯುತ್ತಿದ್ದೆ. ಮಳೆ ಹಿಂದೆ ಸರಿದು, ಹುಲ್ಲು ಇನ್ನೂ ಒಣಗದೆ, ಬಿಸಿಲಿಗೆ ಹಲ್ಲು ಮೂಡದಿರುವ ನಾಲ್ಕೈದು ವಾರ ಮಾತ್ರ ಆ ದಾರಿ ಸೈಕಲ್ಲಿನವನಿಗೆ ಒಲಿಯುತ್ತದೆ. ರಿಟೈರಾದ ಮೇಲೆ ಒಂದೇ ಒಂದು ಸಲ ಹೋದದ್ದು, ಅದೂ ಅಳಿಯನ ಕಾರಿನಲ್ಲಿ. ಎಸಿ ಹಾಕಿದ್ದ, ಗಾಜು ಏರಿಸಿದ್ದ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ದೀಪಾವಳಿಯೊಳಗೆ ತುಳಿದುಕೊಂಡೇ ಹೋಗಬೇಕು. ಇವಳಿಗೆ ಹೇಳಿದೆ. "ಮೊದಲು ಬಸ್ ಸ್ಟ್ಯಾಂಡಿನ ತನಕ ಹೋಗಿ ಬನ್ನಿ" ಅಂದಳು.

ಸೆಪ್ಟೆಂಬರ್ 29, ಭಾನುವಾರ

ಹಸ್ತ ಹುಟ್ಟಿ ಎರಡು ದಿನ. ಮಧ್ಯಾಹ್ನ ಒಂದು ಗಂಟೆ ಜಡಿದು ಹೋಯಿತು.

ಬೆಳಿಗ್ಗೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚೈನು ಬಿಚ್ಚಿದೆ. ಸೀಮೆಎಣ್ಣೆ ಈಗ ಎಲ್ಲಿ ಸಿಗಬೇಕು? ಟಿಲ್ಲರ್‌ಗೆ ತಂದಿಟ್ಟ ಡೀಸೆಲ್ಲನ್ನೇ ಡಬ್ಬಿಗೆ ಸುರಿದು ಚೈನು ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೊಂಡಿ ಕೊಂಡಿಯನ್ನೂ ತಿಕ್ಕಿದ್ದಾಯಿತು. ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ. ಕೊಂಡಿಗೊಂದು ತೊಟ್ಟು ಬಿಟ್ಟು, ಬಟ್ಟೆಯಿಂದ ಮೇಲಿನದ್ದೆಲ್ಲ ಒರೆಸಿಬಿಡಬೇಕು. ಎಣ್ಣೆ ಬೇಕಾದದ್ದು ಒಳಗೆ, ಹೊರಗೆ ಉಳಿದರೆ ಧೂಳು ಕುಡಿದು ಮರಳು ಕಾಗದವಾಗುತ್ತದೆ. ಕೊಬ್ಬರಿ ಎಣ್ಣೆ ಹಾಕಿ ಅಂತ ಇವಳು. ಒಮ್ಮೆ ಹಾಕಿ ನೋಡಿದ್ದೇನೆ. ಅಂಟಾಗಿ, ಇರುವೆ ಮುತ್ತಿ, ಸೈಕಲ್ಲು ತಿಂಡಿಯ ಡಬ್ಬಿಯಂತಾಗಿತ್ತು.

ಹಿಂದಿನ ಚಕ್ರದ ಗುಂಡುಗಳಿಗೆ ಮಾತ್ರ ಶಿರಾಳಕೊಪ್ಪಕ್ಕೆ ಹೋಗಬೇಕಾಯಿತು. ಸೈಕಲ್ ಶಾಪಿನ ಅಜ್ಜ ಹಬ್ ಬಿಚ್ಚಿ ತಟ್ಟೆಗೆ ಸುರಿದ. ಪಕ್ಕಕ್ಕೆ 9ರಂತೆ 18 ಕಾಲಿಂಚಿನ ಗುಂಡು ಇರಬೇಕು. ಇದ್ದದ್ದು 16. ಉಳಿದವೂ ಹೊಳಪು ಕಳೆದುಕೊಂಡು ಕೊತ್ತಂಬರಿ ಬೀಜದ ಹಾಗಾಗಿದ್ದವು. "ಎರಡು ಗುಂಡು ಕಮ್ಮಿ ಇದ್ರೂ ಇಷ್ಟು ದಿನ ಓಡೇತ್ರಿ ಮೇಷ್ಟ್ರ, ನಿಮ್ಮ ಪುಣ್ಯ" ಅಂದ. ಹೊಸ ಗುಂಡು, ಹೊಸ ಗ್ರೀಸು, ನಾಲ್ಕು ಬ್ರೇಕ್ ರಬ್ಬರು. ಕಡ್ಡಿಗಳನ್ನು ಬೆರಳಲ್ಲಿ ಮೀಟಿ ಮೀಟಿ ನೋಡಿ, ದನಿ ಮಂಕಾದವನ್ನು ಮಾತ್ರ ಬಿಗಿ ಮಾಡಿದ. ಕಿವಿಯಲ್ಲೇ ಬೆಂಡ್ ತೆಗೆಯುವ ಇಂಥವರು ಇನ್ನೆಷ್ಟು ಜನ ಉಳಿದಿದ್ದಾರೋ. ಪಕ್ಕದ ಅಂಗಡಿಗಳೆಲ್ಲ ಬೈಕಿನ ಗ್ಯಾರೇಜಾಗಿವೆ.

ಅಕ್ಟೋಬರ್ 5, ಶನಿವಾರ

ಒಂದು ವಾರದಿಂದ ದಿನಾ ಬೆಳಿಗ್ಗೆ ಅಭ್ಯಾಸ. ಪೆಡಲು ಬಲಗಡೆ ಕೆಳಗೆ ಹೋದಾಗಲೆಲ್ಲ "ಕಟಕ್". ಕಾಟರ್ ಪಿನ್ನೇ ಇರಬೇಕೆಂದು ಅಜ್ಜನ ಹತ್ತಿರ ಹೊಸದು ಹೊಡೆಸಿದೆ. ಸದ್ದು ಹೋಗಿಲ್ಲ.

ಸೀಟು ಅರ್ಧ ಇಂಚು ಏರಿಸಿದ್ದೇನೆ. ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಅಷ್ಟಿದ್ದರೆ ಮುಂಗಾಲಲ್ಲಿ ತುಳಿಯುವಾಗ ಮಂಡಿ ಬೇಕಾದಷ್ಟೇ ಮಡಚುತ್ತದೆ. ಇಷ್ಟು ವರ್ಷ ತಗ್ಗು ಸೀಟಿನಲ್ಲಿ ಕೂತು ತುಳಿದು ಮಂಡಿಗೆ ಅನ್ಯಾಯ ಮಾಡಿದೆ ಅಂತ ಈಗ ತಿಳಿದರೆ ಏನು ಬಂತು.

ಇವತ್ತು ಬಿದ್ದೆ. ಗೋವಿನಜೋಳ ಮುರಿಯುವ ಕಾಲ. ನಮ್ಮ ಕಡೆ ಟಾರು ರಸ್ತೆ ಆರು ತಿಂಗಳು ಸರ್ಕಾರದ್ದು, ಆರು ತಿಂಗಳು ರೈತರದ್ದು. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲು ಸಾಲಿಟ್ಟಿದ್ದರು. ಎದುರಿಗೆ ಟ್ರ್ಯಾಕ್ಟರ್ ಬಂತು, ಬ್ರೇಕ್ ಹಿಡಿದೆ, ಹೊಸ ರಬ್ಬರು ಚೆನ್ನಾಗಿಯೇ ಹಿಡಿಯಿತು. ಆದರೆ ಇಳಿಯಲು ಕಾಲು ಎತ್ತಿದರೆ ಮಂಡಿ ಮಡಚಲಿಲ್ಲ, ಹಿಂದಿನ ಕ್ಯಾರಿಯರ್ ದಾಟಲಿಲ್ಲ. ಕಾಳಿನ ರಾಶಿಗೇ ಮಗುಚಿಕೊಂಡೆ. ಕಾಯುತ್ತಿದ್ದ ಅಜ್ಜಿ ಓಡಿ ಬಂದಳು. "ಅಯ್ಯೋ, ನನ್ನ ಜ್ವಾಳ!"

ಗಾಯವಿಲ್ಲ. ಜೇಬಿನಲ್ಲಿ ಇನ್ನೂ ಕಾಳು ಸಿಗುತ್ತಿದೆ.

ಅಕ್ಟೋಬರ್ 11, ಶುಕ್ರವಾರ, ಆಯುಧಪೂಜೆ

ಚಿತ್ತೆ ಮಳೆ ಶುರು. ಅಂಗಳದಲ್ಲಿ ಕುಡುಗೋಲು, ಕತ್ತಿ, ಟಿಲ್ಲರು, ಮಿಕ್ಸಿ, ಅವುಗಳ ಕೊನೆಗೆ ಸೈಕಲ್ಲು. ಇವಳು ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ ಸುತ್ತಿ, ಬೆಲ್ಲಿಗೆ ಕುಂಕುಮ ಇಟ್ಟಳು. ಚಕ್ರದಡಿ ನಿಂಬೆಹಣ್ಣು ಇಡಲು ನಾನು ಕುಕ್ಕುರುಗಾಲಲ್ಲಿ ಕೂತೆ. "ಕಟಕ್."

ಇಬ್ಬರೂ ಸೈಕಲ್ಲಿನ ಕಡೆ ನೋಡಿದೆವು. ಅದು ಸ್ಟ್ಯಾಂಡ್ ಮೇಲೆ ಸುಮ್ಮನೆ ನಿಂತಿತ್ತು.

ಎದ್ದೆ. ಮತ್ತೆ "ಕಟಕ್". ಇವಳು ಮಂಗಳಾರತಿ ತಟ್ಟೆ ಕೆಳಗಿಟ್ಟು ನಕ್ಕಳು. ಅಜ್ಜನಿಗೆ ಕಾಟರ್ ಪಿನ್ನಿನ ಕೂಲಿ ಕೊಟ್ಟದ್ದು ನೆನಪಾಯಿತು. ಅವನಿಗೆ ಅಂದೇ ಗೊತ್ತಾಗಿತ್ತೋ ಏನೋ, ಕಿವಿ ಸೂಕ್ಷ್ಮದವನು.

ಅಕ್ಟೋಬರ್ 13, ಭಾನುವಾರ

ಅಡ್ಡದಂಡೆಯ ಆ ದೊಡ್ಡ ಸೈಕಲ್ಲು ಇನ್ನು ನನಗಲ್ಲ. ಅಡಿಕೆ ಚೀಲಗಳ ಹಿಂದೆ ಮಗಳ ಸೈಕಲ್ಲಿದೆ. ಎಂಟನೇ ಕ್ಲಾಸಿನಲ್ಲಿ ಶಾಲೆಯಿಂದ ಕೊಟ್ಟದ್ದು. 2006-07ರಲ್ಲಿ ಸರ್ಕಾರದ ಆ ಸೈಕಲ್ ಯೋಜನೆ ಬಂದಾಗ ಹಣಕಾಸು ಖಾತೆ ನಮ್ಮ ಶಿಕಾರಿಪುರದ ಆಗಿನ ಶಾಸಕ ಯಡಿಯೂರಪ್ಪನವರ ಕೈಯಲ್ಲೇ ಇತ್ತು. ಊರಿನ ಹೆಣ್ಣುಮಕ್ಕಳು ಸಾಲಾಗಿ ಬೆಲ್ ಹೊಡೆಯುತ್ತ ಹೈಸ್ಕೂಲಿಗೆ ಹೋಗತೊಡಗಿದಾಗ, ಏಳನೆಯದಕ್ಕೇ ಮಗಳನ್ನು ಮನೆಯಲ್ಲಿ ಕೂರಿಸಬೇಕೆಂದಿದ್ದ ಒಬ್ಬಿಬ್ಬರು ಅಪ್ಪಂದಿರು ಸೈಕಲ್ಲಿಗಾಗಿಯೇ ಎಂಟನೆಯದಕ್ಕೆ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಬೆಂಗಳೂರಿಗೆ ಫೋನ್ ಮಾಡಿ ಕೇಳಿದೆ. "ಅಪ್ಪಾ, ಅದು ಇನ್ನೂ ಇದೆಯಾ?" ಅಂದಳು. ಇದೆ. ಅಡ್ಡದಂಡೆ ಇಲ್ಲ, ಕಾಲು ಮುಂದಿನಿಂದಲೇ ದಾಟಿಸಬಹುದು. ಡೀಸೆಲ್ಲು, ಬ್ರಷ್ಷು, ಗುಂಡು, ಗ್ರೀಸು, ಎಲ್ಲ ಮೊದಲಿನಿಂದ. ಟೈರು ಮಾತ್ರ ಎರಡೂ ಬಿರಿದಿದ್ದವು, ಬದಲಾಯಿಸಿದೆ. ನನ್ನ ಹಳೆಯ ಡೈನಮೋ ಬಿಚ್ಚಿ ಅದಕ್ಕೆ ಕೂರಿಸಿದೆ. ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುವ ದಿನಗಳು. ಟೈರಿಗೆ ಉಜ್ಜಿ ತಿರುಗುವ ಡೈನಮೋ ಕಾಲಿಗೆ ಭಾರ ನಿಜ, ಆದರೆ ಚಾರ್ಜ್ ಮರೆತುಹೋಯಿತು ಅನ್ನುವ ತಾಪತ್ರಯವಿಲ್ಲ.

ಅಕ್ಟೋಬರ್ 17, ಗುರುವಾರ, ಭೂಮಿ ಹುಣ್ಣಿಮೆ

ರಾತ್ರಿಯೆಲ್ಲ ಒಲೆ ಆರಲಿಲ್ಲ. ಬೆರಕೆ ಸೊಪ್ಪು, ಕಡುಬು, ಅಂಬಲಿ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಇವಳು ಅಕ್ಕಿಹಿಟ್ಟಿನಲ್ಲಿ, ಪುಂಡಿನಾರಿನ ಕಡ್ಡಿ ಹಿಡಿದು, ವಾರದಿಂದ ಚಿತ್ತಾರ ಬರೆದಿದ್ದಳು. ಬೆಳಕು ಹರಿಯುವ ಮುಂಚೆ ಗದ್ದೆಗೆ ಹೊರಡುವಾಗ, ಕ್ಯಾರಿಯರ್ ಮೇಲೆ ಬುಟ್ಟಿ ಕಟ್ಟೋಣ, ಗುಂಡು ಹೊಸದು, ಅಲ್ಲಾಡುವುದಿಲ್ಲ ಅಂದೆ. ಬಸುರಿ ಭೂಮಿಗೆ ಬಡಿಸುವುದನ್ನು ಕ್ಯಾರಿಯರ್ ಮೇಲೆ ಒಯ್ಯುತ್ತಾರೇನು ಎಂದು ಗದರಿ, ತಲೆಯ ಮೇಲೆ ಹೊತ್ತು ನಡೆದಳು. ನಾನು ಸೈಕಲ್ಲು ತಳ್ಳಿಕೊಂಡು, ಡೈನಮೋ ಬೆಳಕೂ ಇಲ್ಲದೆ, ಹಿಂದೆ ಹಿಂದೆ. ಭತ್ತ ಹೊಡೆ ತುಂಬಿದೆ.

ಅಕ್ಟೋಬರ್ 26, ಶನಿವಾರ

ನಾಳೆ ಹೋಗುವುದು. ಸ್ವಾತಿ ಮಳೆ ಎರಡು ದಿನ ಸುರಿಯಲಿಲ್ಲ. ಚೀಲದಲ್ಲಿ ಪಂಪು, ಸೊಲ್ಯೂಷನ್, ಪ್ಯಾಚು, ವಾಲ್‌ಟ್ಯೂಬಿನ ಒಂದು ಗೇಣು, ಪಾನೆ, ಬೆಲ್ಲ, ನೀರು. ಬೆಳಗಿನ ಮಂಜಿಗೆ ಕನ್ನಡಕ ಒರೆಸಲು ಹಳೇ ಪಂಚೆಯ ತುಂಡು. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಪ್ಯಾಂಟು. ಇದು ಚಳಿಗಲ್ಲ, ಉಣುಗಿಗೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆ ಮುಗಿದು ತರಗೆಲೆ ಒಣಗಿದಂತೆ ಮರಿ ಉಣುಗುಗಳು ಮೇಲೇಳುತ್ತವೆ. ಅವುಗಳ ಕಾಲಕ್ಕೆ ಇನ್ನೂ ಸ್ವಲ್ಪ ದಿನ ಇದೆ, ಆದರೂ ಹುಲ್ಲಿನಲ್ಲಿ ಕೂರಬಾರದು ಅಂತ ಇವಳ ಕಟ್ಟಪ್ಪಣೆ.

ಅಕ್ಟೋಬರ್ 27, ಭಾನುವಾರ, ರಾತ್ರಿ

ಹೋಗಿ ಬಂದೆ.

ಮೊದಲ ಅರ್ಧ ಗಂಟೆ ಉಸಿರು ಎದೆಯಲ್ಲಿ ನಿಲ್ಲಲಿಲ್ಲ, ಆಮೇಲೆ ಕಾಲು ಅದರ ಪಾಡಿಗೆ ಅದು ತಿರುಗತೊಡಗಿತು. ಹೆಂಗಸರ ಸೈಕಲ್ಲಿನಲ್ಲಿ ಮೇಷ್ಟ್ರನ್ನು ಕಂಡು ಹುಡುಗರು ನಕ್ಕರು. ಏರಿನಲ್ಲಿ ಎರಡು ಕಡೆ ಇಳಿದು ತಳ್ಳಿದೆ. ನಾಚಿಕೆಯಾಗಲಿಲ್ಲ, ಮುಂಚೆ ಆಗುತ್ತಿತ್ತು.

ಬಂದಳಿಕೆಯಲ್ಲಿ ಮಂಜು ಆಗಷ್ಟೇ ಏಳುತ್ತಿತ್ತು. ಸೋಮೇಶ್ವರನ ಬಾಗಿಲ ಎರಡೂ ಪಕ್ಕದ ಕಲ್ಲು ಜಾಲಂಧ್ರದಲ್ಲಿ ಒಂದು ಕಡೆ ರಾಮಾಯಣ, ಇನ್ನೊಂದು ಕಡೆ ಭಾರತ. ಮಕ್ಕಳನ್ನು ಕರೆತಂದಾಗ ಹನುಮಂತನನ್ನು ಮೊದಲು ಹುಡುಕಿದವರಿಗೆ ಪೆಪ್ಪರ್‌ಮೆಂಟು ಕೊಡುತ್ತಿದ್ದೆ. ಇವತ್ತು ಶಾಂತಿನಾಥ ಬಸದಿಯ ಹತ್ತಿರವೇ ಹೆಚ್ಚು ಹೊತ್ತು ಇದ್ದೆ. ರಾಷ್ಟ್ರಕೂಟರ ಕಾಲದ ಜಕ್ಕಿಯಬ್ಬೆಯ ಊರು ಇದು. ಗಂಡ ನಾಗಾರ್ಜುನ ಸತ್ತ ಮೇಲೆ ನಾಗರಖಂಡ 70ರ ನಾಳ್ಗಾವುಂಡನ ಅಧಿಕಾರ ಅವಳಿಗೆ ಬಂತು. ಸಾವಿರದ ನೂರು ವರ್ಷದ ಹಿಂದೆ ಹೆಣ್ಣೊಬ್ಬಳು ಎಪ್ಪತ್ತು ಊರು ಆಳಿದಳು ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ, ಇದ್ದದ್ದನ್ನೆಲ್ಲ ಅವಳಿಗೊಪ್ಪಿಸಿ, ಇಲ್ಲಿಯ ಬಸದಿಯಲ್ಲಿ ಸಲ್ಲೇಖನ ಹಿಡಿದಳು ಎನ್ನುತ್ತದೆ ಶಾಸನ. ಪಾಠ ಮಾಡುವಾಗ ಈ ಮಗಳ ಮಾತನ್ನು ಹಾರಿಸಿಬಿಡುತ್ತಿದ್ದೆ. ಪರೀಕ್ಷೆಗೆ ಬರುತ್ತಿರಲಿಲ್ಲ.

"ಯಾರದು ಸೈಕಲ್ಲು?" ಅಂತ ದನ ಮೇಯಿಸುವ ಹುಡುಗ ಕೇಳಿದ.

"ನನ್ನ ಮಗಳದು."

"ಒಂದ್ ರೌಂಡ್ ಹೊಡೀಲಾ?" ಕೊಟ್ಟೆ. ದೇವಸ್ಥಾನ ಸುತ್ತಿ ಬಂದ.

ವಾಪಸ್ಸು ಬರುವಾಗ ಚೈನು ಎರಡು ಸಲ ಕಳಚಿತು. ಹಿಂದಿನ ಚಕ್ರವನ್ನು ಎಷ್ಟು ಎಳೆದು ಬಿಗಿದರೂ ಸಡಿಲ. ನಾಳೆ ಅಜ್ಜನ ಹತ್ತಿರ ಒಂದು ಕೊಂಡಿ ಕಡಿಮೆ ಮಾಡಿಸಬೇಕು. ಮಂಡಿಯ ವಿಷಯ ಅವನಿಗೆ ಹೇಳಬಾರದು.