ಉಪ ಮತ್ತು ಉಪರಿ

ಇಂಗ್ಲಿಷ್ ಪಾಠ ಹೇಳುವವಳ ಮನೆಯಲ್ಲೇ ಒಂದು ಇಂಗ್ಲಿಷ್ ಪದದಿಂದ ಪ್ರಮಾದವಾದರೆ ಯಾರ ಮುಂದೆ ಹೇಳಿಕೊಳ್ಳುವುದು? ಇಷ್ಟು ದಿನ ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ. ಈಗ ಅಮ್ಮನೇ ಬರಿ ಎಂದಿದ್ದಾರೆ.

ನಾನು ಎಬಿಸಿಡಿ ಕಲಿತದ್ದು ಐದನೆಯ ತರಗತಿಯಲ್ಲಿ. ಪದಗಳೆಲ್ಲ ಬಾಯಿಪಾಠ. 'ಹಿಪೊಪಾಟಮಸ್' ಪದದ ಸ್ಪೆಲಿಂಗ್ ತಪ್ಪಿ ಅಂಗೈಗೆ ಬಿದ್ದ ಪೆಟ್ಟು ಇನ್ನೂ ನೆನಪಿದೆ. ಗ್ರೀಕಿನಲ್ಲಿ ಹಿಪ್ಪೋಸ್ ಎಂದರೆ ಕುದುರೆ, ಪೊಟಮೋಸ್ ಎಂದರೆ ನದಿ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಆ ಪೆಟ್ಟು ತಪ್ಪುತ್ತಿತ್ತೇನೋ! ಆ ಸಿಟ್ಟಿಗೇ ಇರಬೇಕು, ನಾನು ಟೀಚರ್ ಆದಮೇಲೆ ಪದಗಳನ್ನು ಒಡೆದು ಕಲಿಸಲು ಶುರುಮಾಡಿದೆ. ಟೆಲಿ ಎಂದರೆ ದೂರ, ಮೈಕ್ರೋ ಎಂದರೆ ಚಿಕ್ಕದು, ಫೋನ್ ಎಂದರೆ ಧ್ವನಿ, ಸ್ಕೋಪ್ ಎಂದರೆ ನೋಡುವುದು, ಗ್ರಾಫ್ ಎಂದರೆ ಬರೆಯುವುದು. ಈ ಐದು ತುಂಡುಗಳನ್ನು ಕೊಟ್ಟರೆ ಸಾಕು, ಮಕ್ಕಳು ಟೆಲಿಫೋನು, ಟೆಲಿಸ್ಕೋಪು, ಟೆಲಿಗ್ರಾಫು, ಮೈಕ್ರೋಫೋನು, ಮೈಕ್ರೋಸ್ಕೋಪು, ಫೋನೋಗ್ರಾಫು ಎಂದು ಆರು ಪದ ಜೋಡಿಸಿಬಿಡುತ್ತಿದ್ದರು.

ಹೀಗೆ ಬೀಗುತ್ತಿದ್ದವಳು ನಾನು. ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುವವಳೂ ನಾನೇ. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ 'ಹೈಪೊಗ್ಲೈಸೀಮಿಯಾ ಬಗ್ಗೆ ಎಚ್ಚರ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕಣ್ಣು ಹಾಯಿಸಿದೆ. ಹೈಪರ್ ಎಂದೇ ಓದಿಕೊಂಡೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುವುದೇ ತಾನೆ ಭಯ!

ಒಂದು ಏಕಾದಶಿಯ ದಿನ. ಹಿಂದಿನ ದಿನ ಮದುವೆಮನೆಯಲ್ಲಿ ಅಮ್ಮ ಎರಡು ಹೋಳಿಗೆ ತಿಂದಿದ್ದರು. ಅಂದು ಬೆಳಿಗ್ಗೆ ಇಂಜೆಕ್ಷನ್ ತೆಗೆದುಕೊಂಡು, "ತಿಂಡಿ ಆಯ್ತು" ಎಂದು ನನಗೆ ಸುಳ್ಳು ಹೇಳಿ, ಗುಟ್ಟಾಗಿ ಉಪವಾಸ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. "ನಿನ್ನೆಯ ಹೋಳಿಗೆ ಕೆಲಸ ಮಾಡಿದೆ ನೋಡು" ಎಂದು ನಾನು ಗದರಿದೆ. ಅವರು ಕೇಳಿದ ಪಾನಕವನ್ನೂ ಕೊಡಲಿಲ್ಲ. ಪಕ್ಕದ ಮನೆಯ ನರ್ಸ್ ಬಂದು ನೋಡಿ, ನನ್ನನ್ನು ಪಕ್ಕಕ್ಕೆ ಸರಿಸಿ, ಸಕ್ಕರೆ ನೀರು ಕುಡಿಸಿದಳು. ಕಾಲು ಗಂಟೆಯಲ್ಲಿ ಅಮ್ಮ ಕಣ್ಣರಳಿಸಿ, "ಯಾಕೇ ಅಳ್ತಿದ್ದೀ?" ಎಂದರು.

ಆ ರಾತ್ರಿ ನಿಘಂಟು ತೆಗೆದೆ. ಗ್ಲುಕುಸ್ ಎಂದರೆ ಸಿಹಿ, ಹೈಮಾ ಎಂದರೆ ರಕ್ತ. ಹೈಪೊ ಎಂದರೆ ಕೆಳಗೆ, ಹೈಪರ್ ಎಂದರೆ ಮೇಲೆ. ರಕ್ತದ ಸಿಹಿ ಇಳಿದಿತ್ತು, ನಾನು ಏರಿದೆ ಎಂದುಕೊಂಡಿದ್ದೆ. ಒಂದೇ ಉಪಸರ್ಗದ ಅಂತರ! ಇನ್ನೂ ಓದಿದರೆ ಆಶ್ಚರ್ಯ ಕಾದಿತ್ತು. ಹೈಪರ್ ನಮ್ಮ ಸಂಸ್ಕೃತದ 'ಉಪರಿ'ಯ ಸೋದರ. ಹೈಪೊ 'ಉಪ'ದ ಸೋದರ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಂದೇ ಮೂಲದವಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದನ್ನು ಬಿ.ಎ.ಯಲ್ಲಿ ಐದು ಅಂಕಕ್ಕೆ ಬರೆದಿದ್ದೆ, ಅಷ್ಟೆ.

ಮರುದಿನ ತರಗತಿಯಲ್ಲಿ ಉಪಾಧ್ಯಕ್ಷರು ಅಧ್ಯಕ್ಷರ ಕೆಳಗೆ ಎಂಬಲ್ಲಿಂದ ಪಾಠ ಆರಂಭಿಸಿದೆ. ನಮ್ಮ 'ದುರ್' ಗ್ರೀಕಿನ 'ಡಿಸ್', ಕರುಳಿನ ತೊಂದರೆಯೇ ಡಿಸೆಂಟ್ರಿ. ನಮ್ಮ 'ಅನ್' ಅವರಿಗೂ 'ಅನ್', ರಕ್ತವಿಲ್ಲದ್ದು ಅನೀಮಿಯಾ. ಕನ್ನಡ ವ್ಯಾಕರಣದಲ್ಲಿ ಕಲಿತದ್ದೇ ಇಲ್ಲಿಯೂ ಬಂತಲ್ಲ ಎಂದು ಮಕ್ಕಳಿಗೆ ಖುಷಿ. ಹಿಂದಿನ ಬೆಂಚಿನವನೊಬ್ಬ ಮಾತ್ರ, ಪೆಡಲ್ ಕಾಲಿನದಾದರೆ ಪೀಡಿಯಾಟ್ರಿಷಿಯನ್ ಕಾಲಿನ ಡಾಕ್ಟರೇ ಎಂದ. ಅದು ಲ್ಯಾಟಿನ್ ಕಾಲು, ಇದು ಗ್ರೀಕ್ ಮಗು ಎಂದು ವಿವರಿಸಿ, ಬೇರು ಹಿಡಿದರೂ ನಿಘಂಟು ಬಿಡಬಾರದು ಎಂದೆ. ಅವನಿಗಿಂತ ನನಗೇ ಹೇಳಿಕೊಂಡದ್ದು ಅದು.

ಅಮ್ಮನಿಗೂ ಈ ಪಾಠ ಆಯಿತು. ಕೇಳಿ, "ಉಪವಾಸದಲ್ಲೂ ಉಪ ಇದೆಯಲ್ಲೇ" ಎಂದರು. "ಅದಕ್ಕೇ ನಿನ್ನ ಸಕ್ಕರೆ ಕೆಳಗಿಳಿದದ್ದು" ಎಂದೆ. ಪಂಡಿತರು ಈ ವ್ಯುತ್ಪತ್ತಿಯನ್ನು ಒಪ್ಪಲಿಕ್ಕಿಲ್ಲ. ಆದರೆ ಅಮ್ಮ ಒಪ್ಪಿದ್ದಾರೆ. ಈಗ ಏಕಾದಶಿಯಂದು ನನ್ನ ಕಣ್ಣೆದುರಿಗೇ ಕೂತು ಒಂದು ಬಟ್ಟಲು ಅವಲಕ್ಕಿ ತಿನ್ನುತ್ತಾರೆ.